ಯಾರಿಗೂ ಕೊಡದ ನಂಬರು

ವಿದೇಶಕ್ಕೆ ಹೊರಟವರು ನಮ್ಮ ಕಂಪನಿಯಲ್ಲಿ ಒಮ್ಮೆಯಾದರೂ ನನ್ನ ಟೇಬಲ್ಲಿಗೆ ಬಂದು ಹೋಗುತ್ತಾರೆ. ವೀಸಾ, ಟಿಕೆಟ್ಟು, ಇನ್ಶೂರೆನ್ಸು ನೋಡಿಕೊಳ್ಳಲು ಬೇರೆ ವಿಭಾಗವಿದೆ. ಸಿಮ್ಮಿನ ವಿಷಯಕ್ಕೆ ಮಾತ್ರ ನಾನೇ. ಪೀಣ್ಯದಲ್ಲಿ ಮಷೀನ್ ಟೂಲ್ ತಯಾರಿಸುವ ಕಾರ್ಖಾನೆ ನಮ್ಮದು. ಕೊಂಡವರ ಜಾಗಕ್ಕೆ ಹೋಗಿ ಮಷೀನು ಕೂರಿಸಿ, ಓಡಿಸಿ ತೋರಿಸಿ, ಕೆಟ್ಟರೆ ರಿಪೇರಿ ಮಾಡಿ ಬರುವುದು ನನ್ನ ಕೆಲಸ. ಯಾವ ದೇಶದಲ್ಲಿ ಯಾವ ಪ್ರೀಪೇಯ್ಡ್ ಅಗ್ಗ, ಏರ್‌ಪೋರ್ಟಿನ ಕೌಂಟರಿನಲ್ಲಿ ಯಾಕೆ ಸಿಮ್ ಕೊಳ್ಳಬಾರದು, ಕಾಲ್ ಫಾರ್ವರ್ಡಿಂಗ್ ತೆಗೆಸದೆ ವಿಮಾನ ಹತ್ತಿದರೆ ಏನಾಗುತ್ತದೆ, ಇವನ್ನೆಲ್ಲ ಹುಡುಗರಿಗೆ ಹೇಳಿಕೊಡುವಾಗ ನನಗೆ ಒಳಗೊಳಗೇ ಖುಷಿ. ‘ರೋಮಿಂಗ್ ಹಾಕಿಸಿಕೊಂಡು ಹೋಗೋನು ದುಡ್ಡಿನ ಬೆಲೆ ಗೊತ್ತಿಲ್ಲದೋನು’ ಎನ್ನುವುದು ನನ್ನ ಕಾಯಂ ಡೈಲಾಗು.

ಬೆನ್ನ ಹಿಂದೆ ಜಿಪುಣ ಎನ್ನುತ್ತಾರೆ. ಅದಕ್ಕೆ ನನ್ನ ತಕರಾರಿಲ್ಲ, ಆ ಹೆಸರನ್ನು ನಾನೇ ಪೋಷಿಸಿಕೊಂಡು ಬಂದಿದ್ದೇನೆ. ಈಗ ವಿಚಾರಿಸಿಕೊಳ್ಳಬೇಕಾಗಿರುವುದು ಅದನ್ನೇ. ನಾನು ನಿಜಕ್ಕೂ ಜಿಪುಣನಾಗಿದ್ದೆನೆ? ಲೆಕ್ಕ ಬರೆದು ನೋಡಿದರೆ ಕೂಡಿ ಬರುತ್ತಿಲ್ಲ.

ಮೊದಮೊದಲು ದುಡ್ಡಿನ ಕಾರಣ ನಿಜವೇ ಆಗಿತ್ತು. ನಮ್ಮ ದೇಶದಲ್ಲೇ 2003ರ ಮೇ ತಿಂಗಳ ತನಕ ಮೊಬೈಲಿಗೆ ಬಂದ ಕರೆಗೂ ದುಡ್ಡು ಕೊಡಬೇಕಿತ್ತು. ರಿಂಗಾದ ಫೋನನ್ನು ಕತ್ತರಿಸಿ, ಹತ್ತಿರದ ಎಸ್‌ಟಿಡಿ ಬೂತು ಹುಡುಕಿ, ಅಲ್ಲಿಂದ ವಾಪಸು ಮಾಡುತ್ತಿದ್ದ ಕಾಲ. ಆ ಅಭ್ಯಾಸ ಕೈಬಿಡುವ ಮೊದಲೇ ನನ್ನ ವಿದೇಶದ ಓಡಾಟ ಶುರುವಾಯಿತು. ರೋಮಿಂಗಿನಲ್ಲಿ ಮತ್ತೆ ಅದೇ ಹಳೆಯ ಕಥೆ. ತಿಪಟೂರಿನಿಂದ ಯಾರೋ ಫೋನು ಮಾಡಿದರೆ ಅವರು ದುಡ್ಡು ಕೊಡುವುದು ಬೆಂಗಳೂರಿನವರೆಗೆ ಮಾತ್ರ. ಅಲ್ಲಿಂದ ಜರ್ಮನಿಯವರೆಗಿನ ದಾರಿಖರ್ಚು ಎತ್ತಿದವನದು. ಎತ್ತದಿದ್ದರೂ ತಪ್ಪಿದ್ದಲ್ಲ. ಎತ್ತದ ಕರೆಯನ್ನು ವಾಯ್ಸ್‌ಮೇಲಿಗೆ ಕಳಿಸುವ ಫಾರ್ವರ್ಡಿಂಗ್ ಹಾಗೇ ಉಳಿದಿದ್ದರೆ, ಕರೆ ಬೆಂಗಳೂರಿನಿಂದ ಜರ್ಮನಿಗೆ ಬಂದು, ಅಲ್ಲಿ ಯಾರೂ ಎತ್ತಲಿಲ್ಲವೆಂದು ಮತ್ತೆ ಬೆಂಗಳೂರಿಗೆ ಹೋಗಿ ಕೂರುತ್ತದೆ. ಹೋಗುವ ದಾರಿ, ಬರುವ ದಾರಿ ಎರಡೂ ನಿಮ್ಮ ಬಿಲ್ಲಿಗೆ. ಮಾತೇ ಆಡದೆ ದುಡ್ಡು ಕಳೆದುಕೊಳ್ಳುವ ವಿದ್ಯೆ ಇದು.

ನಮ್ಮ ಊರಿನ ಪ್ರೀಪೇಯ್ಡ್ ಸಿಮ್ಮಿಗಂತೂ ಆಗ ಗಡಿ ದಾಟುವುದೇ ಕಷ್ಟವಿತ್ತು. ಪೋಸ್ಟ್‌ಪೇಯ್ಡ್ ಗಿರಾಕಿ ಪರದೇಶದಲ್ಲಿ ಎಷ್ಟು ಮಾತಾಡಿದ ಎಂಬ ಲೆಕ್ಕ ಅಲ್ಲಿನ ಕಂಪನಿಯಿಂದ ಇಲ್ಲಿನ ಕಂಪನಿಗೆ ನಿಧಾನವಾಗಿ ಬಂದರೂ ನಡೆಯುತ್ತದೆ, ತಿಂಗಳ ಬಿಲ್ಲಿಗೆ ಸೇರಿಸಿದರೆ ಆಯಿತು. ಪ್ರೀಪೇಯ್ಡಿನವನ ದುಡ್ಡು ಬೆಂಗಳೂರಿನ ಕಂಪ್ಯೂಟರಿನಲ್ಲಿ ಕೂತಿರುತ್ತದೆ. ಅವನು ಫ್ರಾಂಕ್‌ಫರ್ಟಿನಲ್ಲಿ ನಂಬರು ಒತ್ತಿದ ಗಳಿಗೆಯಲ್ಲೇ, ಇವನ ಖಾತೆಯಲ್ಲಿ ಎಷ್ಟಿದೆ, ಎಷ್ಟು ನಿಮಿಷ ಬಿಡಬಹುದು ಎಂದು ಅಲ್ಲಿಂದ ಇಲ್ಲಿಗೆ ಕೇಳಬೇಕು. ಮಾತು ಮುಗಿಯುವ ತನಕ ಕಾವಲು ಕೂರಬೇಕು. ತೀರಿದೊಡನೆ ಕತ್ತರಿಸಬೇಕು. ಇದನ್ನು ಸಾಧ್ಯವಾಗಿಸಿದ ತಾಂತ್ರಿಕ ವ್ಯವಸ್ಥೆಯ ಹೆಸರು ಕ್ಯಾಮೆಲ್. ಒಂಟೆ ಬರುವ ತನಕ ನಮ್ಮ ಪ್ರೀಪೇಯ್ಡ್‌ಗಳು ಮರುಭೂಮಿ ದಾಟಲಿಲ್ಲ ಎಂದು ಹುಡುಗರಿಗೆ ಹೇಳಿ ನಗಿಸುತ್ತೇನೆ.

ಹಾಗಾಗಿ ಆ ಕಾಲದಲ್ಲಿ ಬುದ್ಧಿವಂತನ ದಾರಿ ಒಂದೇ. ಹೋದ ದೇಶದ ಪ್ರೀಪೇಯ್ಡ್ ಸಿಮ್ ಕೊಳ್ಳುವುದು. ಕಂಪನಿ ಕೊಡುತ್ತಿದ್ದ ದಿನದ ಅಲೋಯನ್ಸಿನಲ್ಲಿ ಉಳಿಸಿದ್ದೇ ನಮಗೆ ಲಾಭ. ಸೂಟ್‌ಕೇಸಿನಲ್ಲಿ ಅವಲಕ್ಕಿ, ಚಟ್ನಿಪುಡಿ, ರೆಡಿಮೇಡ್ ಬಿಸಿಬೇಳೆಬಾತಿನ ಪ್ಯಾಕೆಟ್ಟು, ಜೇಬಿನಲ್ಲಿ ಅಗ್ಗದ ಸಿಮ್ಮು. ಲಂಡನ್ನಿನ ಮೂಲೆ ಅಂಗಡಿಗಳ ಗಾಜಿನ ಮೇಲೆ ಇಂಡಿಯಾ, ಪಾಕಿಸ್ತಾನ, ನೈಜೀರಿಯಾ ಎಂದು ದಪ್ಪ ಅಕ್ಷರದಲ್ಲಿ ಬರೆದು ನಿಮಿಷದ ದರ ಹಾಕಿದ ಕಾಲಿಂಗ್ ಕಾರ್ಡಿನ ಪೋಸ್ಟರುಗಳಿರುತ್ತಿದ್ದವು. ಕೊಂಡು ಹಿಂಬದಿ ಉಜ್ಜಿದರೆ ಪಿನ್ ನಂಬರು. ಕನೆಕ್ಷನ್ ಚಾರ್ಜು, ದಿನದ ಚಾರ್ಜು ಎಂದು ಇರುವೆ ಗಾತ್ರದ ಅಕ್ಷರದಲ್ಲಿ ಬರೆದದ್ದು ಆಮೇಲೆ ಕಾಣುವುದು. ಮುಂದೆ ಲೆಬಾರಾ, ಲೈಕಾ ಮೊಬೈಲ್ ಸಿಮ್‌ಗಳು ಬಂದ ಮೇಲೆ ಕಾರ್ಡಿನ ಕಾಟ ಕಡಿಮೆಯಾಯಿತು. ಎರಡನ್ನೂ ಕಟ್ಟಿದವರು ಶ್ರೀಲಂಕಾದ ತಮಿಳು ಮೂಲದವರು. ಊರು ಬಿಟ್ಟವನಿಗೆ ಊರಿನ ಜತೆ ಮಾತಾಡುವ ಹಸಿವು ಎಷ್ಟಿರುತ್ತದೆಂದು ಅವರಿಗೆ ಗೊತ್ತಿದ್ದುದರಲ್ಲಿ ಆಶ್ಚರ್ಯವೇನಿಲ್ಲ. ಜರ್ಮನಿಯಲ್ಲಿ ಆಲ್ಡಿ ಎಂಬ ಅಗ್ಗದ ದಿನಸಿ ಅಂಗಡಿಯೇ 2005ರ ಕೊನೆಯಿಂದ ಸಿಮ್ ಮಾರಲು ಶುರು ಮಾಡಿತು. ಹಾಲು, ಬ್ರೆಡ್ಡಿನ ಜತೆ ಬಿಲ್ಲು ಹಾಕಿಸಿ ತಂದುಬಿಡಬಹುದಿತ್ತು.

ಇಲ್ಲಿಯವರೆಗೆ ನನ್ನ ವಾದ ಗಟ್ಟಿ. ದುಡ್ಡು ಕಡಿಮೆ ಇದ್ದವನು ದುಡ್ಡು ಉಳಿಸಿದ. ತಕರಾರು ಶುರುವಾಗುವುದು ಆಮೇಲಿನದರಲ್ಲಿ.

ಮೊದಲನೆಯ ಸಾಕ್ಷಿ, ಆಫೀಸಿನ ಫೋನು. ಕೆಲವು ವರ್ಷ ಕಳೆದ ಮೇಲೆ ಕಂಪನಿಯವರು ವಿದೇಶಕ್ಕೆ ಹೋಗುವವರಿಗೆಲ್ಲ ರೋಮಿಂಗ್ ಇರುವ ಪೋಸ್ಟ್‌ಪೇಯ್ಡ್ ಫೋನು ಕೊಡತೊಡಗಿದರು. ಮನೆಗೂ ಮಾತಾಡಿಕೊಳ್ಳಿ, ಮಿತಿಮೀರದಿದ್ದರೆ ಸಾಕು ಎಂದೂ ಹೇಳಿದರು. ಬಿಲ್ಲು ಅವರದು. ನಿಜವಾದ ಜಿಪುಣನಾದವನು ಏನು ಮಾಡಬೇಕು? ಅದನ್ನೇ ಹಿಡಿದು ಮಾತಾಡಬೇಕು. ನಾನು ಆ ಫೋನನ್ನು ಸಂಜೆ ಸೈಟಿನಿಂದ ಬಂದೊಡನೆ ಆಫ್ ಮಾಡಿ ಸೂಟ್‌ಕೇಸಿಗೆ ಹಾಕಿ, ನನ್ನ ಕೈಯಿಂದ ದುಡ್ಡು ಕೊಟ್ಟು ಪ್ರೀಪೇಯ್ಡ್ ಸಿಮ್ ಕೊಂಡೆ. ಆಫೀಸಿನ ದುಡ್ಡು ನಮ್ಮ ಸ್ವಂತಕ್ಕೆ ಯಾಕೆ ಎಂದು ಜತೆಯವರಿಗೆ ಹೇಳಿದೆ. ಅವರು ನನ್ನನ್ನು ಪ್ರಾಮಾಣಿಕ ಎಂದುಕೊಂಡರು. ಬಿಟ್ಟಿ ಸಿಕ್ಕಿದ ಬಿರುದನ್ನು ನಾನೂ ಇಟ್ಟುಕೊಂಡೆ.

ಎರಡನೆಯದು, ಉಳಿದ ಬ್ಯಾಲೆನ್ಸು. ಹಳೆಯ ಸಿಮ್‌ಗಳನ್ನೆಲ್ಲ ನಾನು ಒಂದು ಪುಟ್ಟ ಡಬ್ಬಿಯಲ್ಲಿ ಹಾಕಿಟ್ಟಿದ್ದೇನೆ. ಒಂದೊಂದನ್ನೂ ಬಿಳಿ ಕಾಗದದಲ್ಲಿ ಸುತ್ತಿ, ಮೇಲೆ ದೇಶದ ಹೆಸರು, ಪಿನ್ನು, ಹೊರಡುವ ದಿನ ಉಳಿದಿದ್ದ ಹಣ ಬರೆದಿದ್ದೇನೆ. ಅದು ನನ್ನ ಶಿಸ್ತು. ಓದುತ್ತ ಹೋದರೆ ಹದಿನೆಂಟು ಯೂರೋ, ಹನ್ನೊಂದು ಪೌಂಡು, ನಲವತ್ತು ದಿರ್ಹಮ್ಮು. ಯಾವುದೂ ಪೂರ್ತಿ ಖಾಲಿಯಾದದ್ದಲ್ಲ. ಕೆಲವು ತಿಂಗಳು ಬಳಸದಿದ್ದರೆ ಸಿಮ್ ಸಾಯುತ್ತದೆ, ದುಡ್ಡೂ ಅದರ ಜತೆ ಹೋಗುತ್ತದೆ. ಜರ್ಮನಿಯಲ್ಲಂತೂ ಕನೆಕ್ಷನ್ ಮುಚ್ಚಿಸುವಾಗ ಉಳಿದ ಹಣವನ್ನು ಕೇಳಿ ಪಡೆಯುವ ಹಕ್ಕು ಗಿರಾಕಿಗಿದೆ. ಹೋಟೆಲಿನ ಪುಟಾಣಿ ಶಾಂಪೂ ಬಾಟಲಿಯನ್ನೂ ಬಿಡದೆ ತರುವ ನಾನು ಆ ಹಣವನ್ನು ಒಮ್ಮೆಯೂ ಕೇಳಿಲ್ಲ.

ಈ ಉಳಿಕೆ ಹೇಗೆ ಉಳಿಯಿತು ಎಂದು ಕೇಳಿಕೊಂಡರೆ ಅಮ್ಮನ ಹತ್ತಿರ ಹೋಗಬೇಕಾಗುತ್ತದೆ.

ಅಮ್ಮ ಇರುವುದು ತಿಪಟೂರು ತಾಲ್ಲೂಕಿನ ನಮ್ಮ ಹಳ್ಳಿಯಲ್ಲಿ, ತಮ್ಮನ ಜತೆ. ಆಗ ಮನೆಯಲ್ಲಿ ಬಿಎಸ್‌ಎನ್‌ಎಲ್ ಲ್ಯಾಂಡ್‌ಲೈನು. ಯಾವ ನಂಬರಿನಿಂದ ಬಂತು ಎಂದು ತೋರಿಸುವ ಸೌಲಭ್ಯ ಅದಕ್ಕಿರಲಿಲ್ಲ. ಭಾನುವಾರ ನಾನು ಮಾಡಬೇಕು, ಅಮ್ಮ ಕಾದು ಕೂತು ಎತ್ತಬೇಕು. ಎತ್ತಿದವಳೇ ಮೊದಲ ಮಾತು, ‘ಕಾಸು ಓಡ್ತೈತಲ್ಲೋ ಮಗ, ಬ್ಯಾಗ ಹೇಳ್‌ಬುಡು.’ ಆಮೇಲೆ ಕೊಬ್ಬರಿ ರೇಟು, ಮಳೆ, ಹಸು ಕರು ಹಾಕಿದ್ದು, ಯಾರು ಹೋದರು, ಯಾರ ಮನೆಯಲ್ಲಿ ಮದುವೆ. ಎಲ್ಲವನ್ನೂ ಟೆಲಿಗ್ರಾಂ ಕೊಟ್ಟ ಹಾಗೆ ಹೇಳುತ್ತಿದ್ದಳು. ಅಷ್ಟು ಹೇಳಿ ಮುಗಿಸಿದ ಮೇಲೆ ಒಂದು ಗಳಿಗೆ ಸುಮ್ಮನಾಗುತ್ತಿದ್ದಳು. ಆ ಸುಮ್ಮನಿರುವಿಕೆಯ ಹಿಂದೆ ಇನ್ನೇನೋ ಇದೆ ಎಂದು ನನಗೆ ಗೊತ್ತಾಗುತ್ತಿತ್ತು. ತಮ್ಮನ ಜತೆಗಿನ ಜಟಾಪಟಿ, ಮಂಡಿನೋವು, ಜಮೀನಿನ ಪಾಲಿನ ಮಾತು, ಇಂಥದ್ದು ಏನಾದರೂ ಇರಬಹುದು. ಅದು ಹೊರಗೆ ಬರುವುದಕ್ಕೆ ಮೊದಲೇ ನಾನು ಹೇಳುತ್ತಿದ್ದೆ, ‘ಅಮ್ಮ, ಬ್ಯಾಲೆನ್ಸು ಮುಗೀತಾ ಬಂತು.’

‘ಆಯ್ತು ಮಗ, ಇಡು ಇಡು’ ಎಂದು ಅವಳೇ ಗಾಬರಿಯಾಗಿ ಇಟ್ಟುಬಿಡುತ್ತಿದ್ದಳು.

ಇಟ್ಟ ಮೇಲೆ ನಾನು *100# ಒತ್ತುತ್ತಿದ್ದೆ. ನನ್ನ ಜರ್ಮನ್ ಸಿಮ್ಮಿನಲ್ಲಿ ಬ್ಯಾಲೆನ್ಸ್ ನೋಡಲು ಅದೇ ನಂಬರು. ಪರದೆಯ ಮೇಲೆ ಯೂರೋ, ಸೆಂಟು ಮೂಡುತ್ತಿತ್ತು. ಹದಿನೈದು, ಹದಿನಾರು, ಹತ್ತೊಂಬತ್ತು. ಎಷ್ಟಿದೆ ಎಂದು ಗೊತ್ತಿದ್ದೇ ಒತ್ತುತ್ತಿದ್ದೆ. ಯಾಕೆ ಒತ್ತುತ್ತಿದ್ದೆ ಎಂಬ ಪ್ರಶ್ನೆಗೆ ಆಗ ಉತ್ತರ ಹುಡುಕಲಿಲ್ಲ. ಈಗ ಅನ್ನಿಸುತ್ತದೆ, ಆ ಅಂಕಿ ನೋಡಿದಾಗ ನನಗೆ ನೆಮ್ಮದಿಯಾಗುತ್ತಿತ್ತು. ದುಡ್ಡು ಉಳಿದ ನೆಮ್ಮದಿಯಲ್ಲ. ಮುಂದಿನ ವಾರವೂ ‘ಮುಗೀತಾ ಬಂತು’ ಎನ್ನುವ ಅಧಿಕಾರ ನನ್ನ ಕೈಯಲ್ಲೇ ಇದೆ ಎಂಬ ನೆಮ್ಮದಿ.

ಪ್ರೀಪೇಯ್ಡ್ ಎಂಬುದು ಮೊದಲು ಹುಟ್ಟಿಕೊಂಡದ್ದು ತಿಂಗಳ ಬಿಲ್ಲಿನ ಬಂಧನ ಬೇಡದವರಿಗೆ, ಕಂಪನಿ ಸಾಲ ಕೊಡಲು ಹಿಂಜರಿಯುವವರಿಗೆ. 1995ರಲ್ಲಿ ಪೋರ್ಚುಗಲ್‌ನ ಟಿಎಂಎನ್ ಕಂಪನಿ ಮಿಮೊ ಎಂಬ ಹೆಸರಿನಲ್ಲಿ ಇಂಥದ್ದನ್ನು ಮಾರುಕಟ್ಟೆಗೆ ತಂದಿತು. ಮೊದಲು ದುಡ್ಡು, ಆಮೇಲೆ ಮಾತು. ವ್ಯಾಪಾರದ ದೃಷ್ಟಿಯಿಂದ ಇದು ನ್ಯಾಯ. ನಾನು ಆ ನಿಯಮವನ್ನು ಮನೆಯವರ ಮೇಲೆ ಹಾಕಿದೆ. ಎಷ್ಟು ಮಾತು ಎಂದು ಮೊದಲೇ ತೀರ್ಮಾನಿಸಿ, ಅಷ್ಟಾದ ಮೇಲೆ ಕತ್ತರಿಸಿ, ಕತ್ತರಿಸಿದ್ದರ ಹೊಣೆಯನ್ನು ಎಂದೂ ಕಾಣದ ಒಂದು ಕಂಪ್ಯೂಟರಿನ ಮೇಲೆ ಹೊರಿಸಿದೆ.

ಇನ್ನೊಂದು ಸುಖವೂ ಇತ್ತು. ಅದನ್ನು ಹೇಳಲು ಸ್ವಲ್ಪ ನಾಚಿಕೆಯಾಗುತ್ತದೆ.

ಜರ್ಮನಿಯ ತೆಂಕಣ ಮೂಲೆಯಲ್ಲಿ, ಸ್ವಿಟ್ಜರ್ಲೆಂಡಿನ ಬಾಸೆಲ್ ನಗರಕ್ಕೆ ಅಂಟಿಕೊಂಡು, ವೈಲ್ ಆಮ್ ರೈನ್ ಎಂಬ ಊರಿದೆ. ಆ ಕಡೆ ಕೆಲಸ ಇದ್ದಾಗ ಸಂಜೆ ರೈನ್ ನದಿಯ ದಂಡೆಗೆ ನಡೆದು ಹೋಗುತ್ತಿದ್ದೆ. ಅಲ್ಲಿ 2007ರಲ್ಲಿ ತೆರೆದ ಒಂದು ಕಮಾನು ಸೇತುವೆ. ನಡೆಯುವವರಿಗೆ ಮತ್ತು ಸೈಕಲ್ಲಿಗೆ ಮಾತ್ರ. ಈ ತುದಿ ಜರ್ಮನಿ, ಆ ತುದಿ ಫ್ರಾನ್ಸಿನ ಹುನಿಂಗ್, ಕೂಗಳತೆಯಲ್ಲಿ ಸ್ವಿಟ್ಜರ್ಲೆಂಡು. ಸೇತುವೆಯ ನಡುವೆ ನಿಂತರೆ ಫೋನಿಗೆ ತಲೆ ಕೆಡುತ್ತಿತ್ತು. ಒಮ್ಮೆ ಜರ್ಮನ್ ಟವರು, ಒಮ್ಮೆ ಫ್ರೆಂಚು, ಗಾಳಿ ಬೀಸಿದ ಕಡೆಗೆ ಸ್ವಿಸ್ಸು. ಪ್ರತಿ ಸಲವೂ ‘ಸುಸ್ವಾಗತ, ಇಲ್ಲಿ ನಿಮಿಷಕ್ಕೆ ಇಷ್ಟು’ ಎಂದು ಸಂದೇಶ. 2007ರಲ್ಲೇ ಯುರೋಪಿಯನ್ ಒಕ್ಕೂಟ ರೋಮಿಂಗ್ ದರಕ್ಕೆ ಮೂಗುದಾರ ಹಾಕಿತ್ತು. ತೆರಿಗೆ ಬಿಟ್ಟು, ಮಾಡಿದ ಕರೆಗೆ ನಿಮಿಷಕ್ಕೆ 49 ಸೆಂಟು, ಬಂದ ಕರೆಗೆ 24 ಸೆಂಟು, ಅದಕ್ಕಿಂತ ಹೆಚ್ಚು ಕೇಳುವ ಹಾಗಿಲ್ಲ. ಮುಂದೆ 2017ರ ಜೂನ್ 15ರಿಂದ ಒಕ್ಕೂಟದೊಳಗೆ ರೋಮಿಂಗ್ ಚಾರ್ಜೇ ಹೋಯಿತು. ಸ್ವಿಟ್ಜರ್ಲೆಂಡು ಒಕ್ಕೂಟದಲ್ಲಿಲ್ಲ, ಹಾಗಾಗಿ ಅದಕ್ಕೆ ಈ ಕಟ್ಟಳೆ ತಾಗುವುದಿಲ್ಲ. ಜರ್ಮನಿಯಲ್ಲಿ ನಿಂತೇ ಸ್ವಿಸ್ ಟವರಿಗೆ ಸಿಕ್ಕಿ ದುಡ್ಡು ಕಳೆದುಕೊಂಡವರು ಆ ಊರಲ್ಲಿ ಬೇಕಾದಷ್ಟು ಜನ. ನೆಟ್‌ವರ್ಕನ್ನು ನಾವೇ ಆರಿಸುವ ಹಾಗೆ ಸೆಟ್ಟಿಂಗ್ ಬದಲಿಸಿಕೊಳ್ಳಿ ಎಂದು ಹುಡುಗರಿಗೆ ತಪ್ಪದೆ ಹೇಳುತ್ತೇನೆ.

ಆ ಸೇತುವೆಯ ಮೇಲೆ ನಿಂತಾಗ ನನ್ನ ಜೇಬಿನಲ್ಲಿದ್ದ ಫೋನಿನ ನಂಬರು ಜಗತ್ತಿನಲ್ಲಿ ಹೆಚ್ಚುಕಡಿಮೆ ಯಾರಿಗೂ ಗೊತ್ತಿರಲಿಲ್ಲ. ಅದೇ ಆ ಸುಖ. ಮೂರು ದೇಶದ ಟವರುಗಳು ನಾನೆಲ್ಲಿದ್ದೇನೆ ಎಂದು ಹುಡುಕಿಕೊಂಡು ಬರುತ್ತಿದ್ದವು, ನನ್ನ ಊರಿಗೆ ಗೊತ್ತಿರಲಿಲ್ಲ. ಹೆಂಡತಿಗೆ ಕೊಟ್ಟಿದ್ದೆ, ತೀರಾ ಅರ್ಜೆಂಟಿದ್ದರೆ ಮಾತ್ರ ಎಂಬ ಷರತ್ತಿನ ಮೇಲೆ. ಆಕೆ ಸ್ವಾಭಿಮಾನಿ. ಷರತ್ತು ಹಾಕಿದ ಮೇಲೆ ಒಮ್ಮೆಯೂ ಮಾಡಲಿಲ್ಲ. ತಮ್ಮ ಕೇಳಿದಾಗ, ‘ನಿಂಗ್ಯಾಕೆ ಐಎಸ್‌ಡಿ ಖರ್ಚು, ನಾನೇ ಮಾಡ್ತೀನಿ’ ಎಂದೆ. ಕೇಳಲು ಎಷ್ಟು ಚೆನ್ನಾಗಿದೆ ಈ ಮಾತು. ಅಣ್ಣ ತಮ್ಮನ ದುಡ್ಡು ಉಳಿಸುತ್ತಿದ್ದಾನೆ. ಆದರೆ ಅಲ್ಲಿನ ಪ್ರೀಪೇಯ್ಡ್ ಸಿಮ್ಮಿಗೆ ಬರುವ ಕರೆ ನನಗೆ ಬಿಟ್ಟಿ. ಅವನು ಒಂದು ಮಿಸ್ ಕಾಲ್ ಕೊಟ್ಟಿದ್ದರೆ ಅವನಿಗೂ ಬಿಟ್ಟಿ. ಮಿಸ್ ಕಾಲಿನಲ್ಲೇ ಸಂಸಾರ ನಡೆಸಿದ ದೇಶದಲ್ಲಿ ಹುಟ್ಟಿದ ನನಗೆ ಇದು ಹೊಳೆಯಲಿಲ್ಲ ಎಂದರೆ ಯಾರು ನಂಬುತ್ತಾರೆ?

ನಂಬರು ಕೊಡದ ಮನುಷ್ಯನ ಪಾಲಿನ ಕೆಲಸ ನಂಬರು ಇರುವವನ ಪಾಲಿಗೆ ಬರುತ್ತದೆ. ರಾತ್ರಿ ತ್ರೀ ಫೇಸ್ ಕರೆಂಟು ಬಂದಾಗ ತೋಟದ ಮೋಟಾರು ಹಾಕುವವನು ತಮ್ಮ. ಅಮ್ಮನ ಕಣ್ಣಿನ ಪೊರೆ ತೆಗೆಸಲು ಆಸ್ಪತ್ರೆಯಲ್ಲಿ ಕೂತವನು ತಮ್ಮ. ನೆಂಟರ ಮನೆಯ ಸಾವಿಗೆ, ಮದುವೆಗೆ, ಜಗಳಕ್ಕೆ ಹೋಗಿ ನಿಂತವನು ಅವನೇ. ಅವನ ಫೋನೂ ಪ್ರೀಪೇಯ್ಡೇ. ಎಷ್ಟೋ ಸಲ ಅದರಲ್ಲಿ ನಿಜಕ್ಕೂ ಬ್ಯಾಲೆನ್ಸ್ ಇರುತ್ತಿರಲಿಲ್ಲ. ಆದರೂ ಅದು ಸದಾ ಆನ್. ಯಾರು ಬೇಕಾದರೂ ಯಾವ ಹೊತ್ತಿನಲ್ಲಿ ಬೇಕಾದರೂ ಮಾಡಬಹುದಿತ್ತು, ಮಾಡುತ್ತಿದ್ದರು. ನಾನು ಬರುವಾಗ ಚಾಕೊಲೇಟು ತರುತ್ತಿದ್ದೆ, ಆಸ್ಪತ್ರೆಯ ಬಿಲ್ಲಿಗೆ ದುಡ್ಡು ಕಳಿಸುತ್ತಿದ್ದೆ. ದುಡ್ಡು ಕಳಿಸಿದ್ದನ್ನು ನೆನೆಸಿಕೊಂಡು ‘ನಾನು ಮಾಡಿಲ್ಲವೇ’ ಎಂದು ನನಗೆ ನಾನೇ ಹೇಳಿಕೊಂಡದ್ದೂ ಉಂಟು. ಈಗ ತೂಗಿ ನೋಡಿದರೆ ಅದರಲ್ಲಿ ಸುಲಭದ ಪಾಲು ನನ್ನದು.

ದುಬೈನ ಒಂದು ಕಾರ್ಖಾನೆಯಲ್ಲಿ ಮಷೀನು ಕೂರಿಸುವಾಗ ಉಡುಪಿ ಕಡೆಯ ಹುಡುಗನೊಬ್ಬ ಸಹಾಯಕ್ಕೆ ಸಿಕ್ಕಿದ್ದ. ಮನೆಯಲ್ಲಿ ತುಳು, ನನ್ನ ಜತೆ ಕನ್ನಡ. ಅಲ್ಲಿ ವಾಟ್ಸ್ಆ್ಯಪಿನಲ್ಲಿ ಬರೆದು ಕಳಿಸಬಹುದು, ಮಾತಾಡುವ ಹಾಗಿಲ್ಲ. ಇಂಟರ್ನೆಟ್ ಕರೆಗಳಿಗೆ ಯುಎಇ ಸರಕಾರ ತಡೆ ಹಾಕಿದೆ, ಪರವಾನಗಿ ಪಡೆದ ಕೆಲವು ಆ್ಯಪ್‌ಗಳಿಗಷ್ಟೇ ಅವಕಾಶ. ಆ ಹುಡುಗ ಸಂಬಳ ಬಂದ ದಿನ ರೀಚಾರ್ಜ್ ಮಾಡಿಸಿ, ನಿಮಿಷಗಳನ್ನು ಎಣಿಸಿಟ್ಟುಕೊಂಡು, ರಜೆಯ ಶುಕ್ರವಾರ ಮನೆಗೆ ಮಾಡುವವನು. ನಿಜವಾದ ಲೆಕ್ಕದ ಮನುಷ್ಯ. ಒಂದು ದಿನ ಊಟದ ಹೊತ್ತಿನಲ್ಲಿ ಅವನ ಫೋನು ಎರಡು ರಿಂಗಾಗಿ ನಿಂತಿತು. ನೋಡಿ ನಕ್ಕ. ‘ಯಾರೋ’ ಎಂದೆ. ‘ಊರಿಂದ ಸರ್, ಗೊತ್ತಿಲ್ಲ ಯಾರೂಂತ. ನನ್ನ ನಂಬ್ರ ಎಲ್ಲರ ಹತ್ರ ಉಂಟು. ಅಂಗಡಿ ಗೋಡೆಯಲ್ಲಿ ಸಹ ಬರ್ದಿಟ್ಟಿದ್ದಾರೆ’ ಎಂದ. ಬ್ಯಾಲೆನ್ಸು ಅವನಿಗೆ ನೆಪವಾಗಿರಲಿಲ್ಲ, ಕೊರತೆಯಾಗಿತ್ತು. ಕೊರತೆ ಇದ್ದವನು ಗೋಡೆಯ ಮೇಲೆ ನಂಬರು ಬರೆಸಿದ್ದ. ನಾನು ಆ ದಿನ ಆ ಮಾತನ್ನು ಅಲ್ಲಿಗೇ ಬಿಟ್ಟು ಬೇರೆ ವಿಷಯ ತೆಗೆದೆ.

ಈಚೆಗೆ ಸಿಮ್ ಕೊಳ್ಳುವುದೇ ಒಂದು ಕಾರ್ಯಕ್ರಮವಾಗಿದೆ. ಜರ್ಮನಿಯಲ್ಲಿ 2017ರ ಜುಲೈಯಿಂದ ಗುರುತಿನ ಪತ್ರ ಪರಿಶೀಲಿಸದೆ ಪ್ರೀಪೇಯ್ಡ್ ಚಾಲೂ ಮಾಡುವ ಹಾಗಿಲ್ಲ. ಭಯೋತ್ಪಾದನೆ ತಡೆಗೆ ತಂದ ಕಾನೂನು. ಆಲ್ಡಿಯಲ್ಲಿ ಹಾಲಿನ ಜತೆ ಸಿಮ್ ಕೊಂಡರೂ ಕ್ಯಾಮೆರಾದ ಮುಂದೆ ಕೂತು ಪಾಸ್‌ಪೋರ್ಟನ್ನು ಹೀಗೆ ಹಿಡಿ, ಹಾಗೆ ತಿರುಗಿಸು ಎಂದದ್ದಕ್ಕೆಲ್ಲ ತಲೆಯಾಡಿಸಬೇಕು, ಇಲ್ಲವೇ ಪೋಸ್ಟಾಫೀಸಿಗೆ ಹೋಗಿ ತೋರಿಸಬೇಕು. ಸಿಂಗಪುರ, ದುಬೈಗಳಲ್ಲೂ ಪಾಸ್‌ಪೋರ್ಟು ಬೇಕೇ ಬೇಕು. ಬ್ರಿಟನ್ನಿನಲ್ಲಿ ಮಾತ್ರ ಇವತ್ತಿಗೂ ಹೆಸರು ಕೇಳದೆ ಕೊಡುತ್ತಾರೆ, ಅದೊಂದು ವಿಚಿತ್ರ. ಹೀಗೆ ಹುಟ್ಟಿದ ದಿನ, ಪಾಸ್‌ಪೋರ್ಟ್ ನಂಬರು, ಮುಖದ ಎಡಬಲ ಎಲ್ಲ ಕೊಟ್ಟು ಪಡೆದ ನಂಬರನ್ನು ನಾನು ತಮ್ಮನಿಗೆ ಹೇಳಲಿಲ್ಲ. ಜರ್ಮನ್ ಸರಕಾರದಿಂದ ಬಚ್ಚಿಡಲು ನನ್ನ ಹತ್ತಿರ ಏನೂ ಇರಲಿಲ್ಲ.

ವಾಟ್ಸ್ಆ್ಯಪ್ ಬಂದ ಮೇಲೆ ಈ ಆಟ ಮುಗಿಯಬೇಕಿತ್ತು. ಸಿಮ್ ಬದಲಾದರೂ ವಾಟ್ಸ್ಆ್ಯಪಿಗೆ ಹಳೆಯ ಊರಿನ ನಂಬರೇ ಸಾಕು. ಯಾವ ದೇಶದ ವೈಫೈ ಸಿಕ್ಕಿದರೂ ತಿಪಟೂರಿನ ಕರೆ ಬಂದು ಕದ ತಟ್ಟುತ್ತದೆ, ಅದೂ ಮುಖ ಸಮೇತ. ನಾನು ಕಲಿಯುವುದರಲ್ಲಿ ಹಿಂದೆ ಬಿದ್ದವನಲ್ಲ. ‘ಡೇಟಾ ಮುಗೀತು’, ‘ಇಲ್ಲಿ ನೆಟ್ ಸರಿಯಿಲ್ಲ’, ‘ಬೇಸ್‌ಮೆಂಟಲ್ಲಿದ್ದೆ’ ಎಂಬ ಹೊಸ ಮಾತುಗಳು ಹಳೆಯದರ ಜಾಗಕ್ಕೆ ಬಂದವು. ಜಿಬಿಗಟ್ಟಲೆ ಡೇಟಾ ಇರುವ ಸಿಮ್ಮಿನಲ್ಲಿ ಕೂತು ಯಕ್ಷಗಾನದ ವಿಡಿಯೊ ನೋಡುತ್ತ ಇದನ್ನು ಹೇಳಿದ್ದೇನೆ. ಇಷ್ಟು ವರ್ಷ ದುಡ್ಡಿನ ಕಾರಣ ಕೊಟ್ಟವನಿಗೆ ದುಡ್ಡಿನ ಕಾರಣ ಪೂರ್ತಿ ಹೋದ ಮೇಲೂ ಹೇಳಲು ಏನೋ ಒಂದು ಸಿಕ್ಕಿತಲ್ಲ, ಆಗಲೇ ನನಗೆ ನನ್ನ ಮೇಲೆ ಅನುಮಾನ ಹುಟ್ಟಬೇಕಿತ್ತು.

ಅನುಮಾನ ಹುಟ್ಟಿಸಿದ್ದು ಬ್ಯಾಂಕು. 2009ರ ಆಗಸ್ಟಿನಿಂದ ಆನ್‌ಲೈನ್ ಕಾರ್ಡ್ ಪಾವತಿಗೆ ಎರಡನೆಯ ದೃಢೀಕರಣ ಬೇಕೆಂದು ರಿಸರ್ವ್ ಬ್ಯಾಂಕ್ ಕಡ್ಡಾಯ ಮಾಡಿತು. ಅದು ಬರಬರುತ್ತ ಒಟಿಪಿಯ ರೂಪ ತಾಳಿತು, ಒಟಿಪಿ ಬರುವುದು ಇಂಡಿಯಾದ ನಂಬರಿಗೆ. ಹೊರದೇಶದಲ್ಲಿರುವವರು ಇಲ್ಲಿನ ಒಂದು ಪ್ರೀಪೇಯ್ಡ್ ಸಿಮ್ಮನ್ನು ದೀಪ ಆರದ ಹಾಗೆ ಕಾಯುವುದು ಈ ಆರಂಕಿಗಾಗಿಯೇ. ರೋಮಿಂಗ್ ಚಾಲೂ ಇದ್ದರೆ ಎಸ್ಸೆಮ್ಮೆಸ್ ಬರುವುದಕ್ಕೆ ಸಾಮಾನ್ಯವಾಗಿ ದುಡ್ಡಿಲ್ಲ. ಎರಡು ಸಿಮ್ಮಿನ ಫೋನು ಬಂದ ಮೇಲೆ ನಾನೂ ಹಾಗೇ ಮಾಡಿದೆ. ಒಂದರಲ್ಲಿ ಆ ದೇಶದ್ದು, ಇನ್ನೊಂದರಲ್ಲಿ ನಮ್ಮದು.

ಒಂದು ಸಲ ಜರ್ಮನಿಯಲ್ಲಿ ಕೆಲಸ ಎಳೆದುಕೊಂಡು ಹೋಗಿ, ನಮ್ಮ ಸಿಮ್ಮಿನ ವ್ಯಾಲಿಡಿಟಿ ನಡುವೆಯೇ ಮುಗಿಯಿತು. ಎಸ್ಸೆಮ್ಮೆಸ್ ನಿಂತವು. ಕಾರ್ಡಿನಿಂದ ರೀಚಾರ್ಜ್ ಮಾಡಲು ಹೋದರೆ ಒಟಿಪಿ ಕೇಳುತ್ತದೆ. ಒಟಿಪಿ ಬರಬೇಕಾದರೆ ರೀಚಾರ್ಜ್ ಆಗಬೇಕು. ಅರ್ಧ ಗಂಟೆ ಆ ಚಕ್ರದಲ್ಲಿ ಸುತ್ತಿ, ಕೊನೆಗೆ ಜರ್ಮನ್ ಸಿಮ್ಮಿನಿಂದ ತಮ್ಮನ ಮೊಬೈಲಿಗೆ ಮಾಡಿದೆ. ಅವನು ಕೊಬ್ಬರಿ ಹರಾಜಿಗೆ ತಿಪಟೂರಿನ ಎಪಿಎಂಸಿಯಲ್ಲಿದ್ದ. ಹಿಂದೆ ಗದ್ದಲ.

‘ಅಣ್ಣ, ಹೇಳು. ಅಂಗ್ಡಿಗೋಗಿ ಈಗ್ಲೇ ಹಾಕಿಸ್ತೀನಿ’ ಎಂದ. ಎಷ್ಟು, ಯಾಕೆ ಎಂದು ಕೇಳಲಿಲ್ಲ. ಆಮೇಲೆ, ‘ಇದ್ಯಾವ ನಂಬರಣ್ಣ? ಸೇವ್ ಮಾಡ್ಕಳ್ಳಾ?’

‘ಬೇಡ ಬಿಡು, ಮುಂದಿನ ವಾರ ಚೇಂಜಾಗುತ್ತೆ’ ಎಂದೆ.

ಚೇಂಜಾಗುವುದು ಏನೂ ಇರಲಿಲ್ಲ. ಇನ್ನೂ ಒಂದು ತಿಂಗಳು ನಾನು ಅಲ್ಲೇ ಇದ್ದೆ, ಅದೇ ಸಿಮ್ಮಿನಲ್ಲಿ. ಹತ್ತು ನಿಮಿಷದಲ್ಲಿ ರೀಚಾರ್ಜ್ ಆಯಿತು, ಒಟಿಪಿಗಳು ಸಾಲಾಗಿ ಬಂದವು. ಆ ರಾತ್ರಿ ನಿದ್ದೆ ಬರಲಿಲ್ಲ ಎಂದೇನೂ ಹೇಳುವುದಿಲ್ಲ, ಚೆನ್ನಾಗಿಯೇ ಬಂತು. ಆದರೆ ಮಾರನೆಯ ದಿನ ಸೈಟಿಗೆ ಹೋಗುವ ರೈಲಿನಲ್ಲಿ ಒಂದು ಲೆಕ್ಕ ತಾನಾಗಿ ಕೂಡಿಕೊಂಡಿತು. ಬ್ಯಾಂಕು ಕಳಿಸುವ ಆರಂಕಿಗಾಗಿ ಒಂದು ಸಿಮ್ಮನ್ನು ಜೀವಂತ ಇಡಲು ನಾನು ಇಷ್ಟು ಒದ್ದಾಡುತ್ತೇನೆ. ತಮ್ಮ ಕರೆಯಬಹುದಾದ ಒಂದು ನಂಬರನ್ನು ಅವನಿಗೆ ಕೊಡಲು ನನ್ನಿಂದ ಆಗುವುದಿಲ್ಲ.

ಇದಕ್ಕೆ ಜಿಪುಣತನ ಎಂಬ ಹೆಸರು ತೀರಾ ಗೌರವದ್ದಾಯಿತು. ಜಿಪುಣ ದುಡ್ಡು ಬಿಚ್ಚುವುದಿಲ್ಲ. ನಾನು ದುಡ್ಡು ಬಿಚ್ಚಿದೆ, ಬ್ಯಾಲೆನ್ಸು ಬಿಟ್ಟು ಬಂದೆ, ಆಫೀಸು ಬಿಟ್ಟಿ ಕೊಟ್ಟದ್ದನ್ನೂ ಒಲ್ಲೆ ಎಂದೆ. ಬಿಚ್ಚದೆ ಉಳಿಸಿಕೊಂಡದ್ದು ನನ್ನ ಸಂಜೆಗಳನ್ನು. ಅವುಗಳಲ್ಲಿ ಮಹತ್ತಾದದ್ದೇನನ್ನೂ ಮಾಡಲಿಲ್ಲ ಎನ್ನುವುದೂ ನಿಜ. ನದಿ ದಂಡೆಯಲ್ಲಿ ನಡೆದೆ, ಅವಲಕ್ಕಿ ಕಲಸಿ ತಿಂದೆ, ಮಲಗಿದೆ. ಆ ಸಂಜೆಗಳು ಚೆನ್ನಾಗಿದ್ದವು ಎಂದು ಈಗಲೂ ಹೇಳುತ್ತೇನೆ. ಯಾರಿಗೂ ಸಿಗದೆ ಇರುವ ಆಸೆ ತಪ್ಪೆಂದು ನನಗೆ ಅನ್ನಿಸುವುದಿಲ್ಲ. ‘ಇವತ್ತು ಸಾಕು ಅಮ್ಮ, ಸುಸ್ತಾಗಿದೆ’ ಎಂದಿದ್ದರೆ ಅವಳೇನು ಬೇಡ ಎನ್ನುತ್ತಿರಲಿಲ್ಲ. ಅಷ್ಟು ಹೇಳುವ ಧೈರ್ಯ ಇಲ್ಲದ್ದಕ್ಕೆ ಬ್ಯಾಲೆನ್ಸನ್ನು ಮುಂದೆ ಬಿಟ್ಟೆ. ಈಗ ಅಮ್ಮನಿಗೆ ಕಿವಿ ಮಂದವಾಗಿ ಫೋನಿನಲ್ಲಿ ಮಾತೇ ಆಗುವುದಿಲ್ಲ. ತಮ್ಮ ವಿಡಿಯೊ ಹಾಕಿ ಮುಖದ ಮುಂದೆ ಹಿಡಿಯುತ್ತಾನೆ, ಅವಳು ನೋಡಿ ಕೈಯಾಡಿಸುತ್ತಾಳೆ. ಎಷ್ಟು ಹೊತ್ತು ಹಿಡಿದರೂ ಚಾರ್ಜಿಲ್ಲ.

ಹುಡುಗರಿಗೆ ನನ್ನ ಸಲಹೆ ಈಗಲೂ ಬದಲಾಗಿಲ್ಲ. ಹೋದ ದೇಶದ ಪ್ರೀಪೇಯ್ಡನ್ನೇ ಕೊಳ್ಳಿ, ಎರಡು ವಾರಕ್ಕಿಂತ ಹೆಚ್ಚು ಇರುವವರಿಗೆ ಅದೇ ಅಗ್ಗ. ನಮ್ಮ ಸಿಮ್ಮಿನ ವ್ಯಾಲಿಡಿಟಿ ನೋಡಿಕೊಂಡು ಹೊರಡಿ, ಕಾಲ್ ಫಾರ್ವರ್ಡಿಂಗ್ ತೆಗೆಸಿ, ಇ-ಸಿಮ್ ನಡೆಯುವ ಫೋನಾದರೆ ಇಲ್ಲಿಂದಲೇ ಹಾಕಿಸಿಕೊಂಡು ಹೋಗಿ. ಇದರ ಜತೆ ಈಗ ಇನ್ನೊಂದು ಮಾತು ಸೇರಿಸಿದ್ದೇನೆ. ಹೊಸ ನಂಬರು ಬಂದ ದಿನವೇ ಅದನ್ನು ಊರಲ್ಲಿ ನಿಮ್ಮ ಬದಲಿಗೆ ಓಡಾಡುವವರು ಯಾರಿದ್ದಾರೋ ಅವರಿಗೆ ಕಳಿಸಿ, ಹೆಂಡತಿಗೆ, ಬಾಸಿಗೆ ಆಮೇಲೆ. ಹುಡುಗರು ತಲೆಯಾಡಿಸುತ್ತಾರೆ, ಕೇಳುತ್ತಾರೋ ಇಲ್ಲವೋ.

ನಿವೃತ್ತಿಗೆ ಮೊದಲು ನನಗೆ ಇನ್ನೊಂದು ಜರ್ಮನಿ ಪ್ರಯಾಣವಿದೆ. ಈ ಸಲ ನಂಬರನ್ನು ತಮ್ಮನಿಗೆ ಕಳಿಸುತ್ತೇನೆ, ಅಷ್ಟರಮಟ್ಟಿಗೆ ತೀರ್ಮಾನವಾಗಿದೆ. ಸಂಜೆ ಆರು ಗಂಟೆಗೆ ಅವನ ಕರೆ ಬಂದಾಗ ಎತ್ತುತ್ತೇನೆ ಎಂಬ ಭರವಸೆ ನನಗಿನ್ನೂ ಇಲ್ಲ.